ಸಾಗರಕಟ್ಟೆಯ ಹಿನ್ನೀರಲ್ಲಿ ಒಂದು ಮೂಲೆ

ಮೊದಲು ನೋಡಿದ ಮೂಲೆಗೆ ಹೊಂಗೆಯ ನೆರಳಿತ್ತು,
ಮೀನೂ ಇತ್ತಂತೆ.
ಆಷಾಢದ ಗಾಳಿ ನೇರ ಬಾಯಿಗೇ ನುಗ್ಗುತ್ತೆ,
ಹೊರಟ ತೆಪ್ಪ ಹೊರಟಲ್ಲಿಗೇ ಬರುತ್ತೆ, ಅಂದ ಯಜಮಾನ
ಬೀಡಿಯ ಹೊಗೆ ಹೋದ ಕಡೆ ನೋಡುತ್ತ.

ಅದರಾಚೆಯದು ನನಗೆ ಹಿಡಿಸಿತ್ತು.
ಕೆಸರಿಲ್ಲದ ದಡ, ಬಟ್ಟೆ ಒಗೆಯಲು ಚಪ್ಪಡಿ,
ಮುಳುಗಿದ ಯಾರದೋ ಮನೆಯ ಹೊಸಿಲಿರಬೇಕು.
ಶಿವರಾತ್ರಿ ಕಳೆದರೆ ನೀರು ಅರ್ಧ ಮೈಲಿ ಸರಿದು
ಹುರುಳಿ ಬಿತ್ತುತ್ತಾರಂತೆ ಅಲ್ಲಿ.
ತೆಪ್ಪ ಹೊತ್ತು ಹುರುಳಿಹೊಲ ದಾಟುವವಳು
ನಾನೇ ತಾನೆ.

ಇದಕ್ಕೆ ಹೆಸರೂ ಇಲ್ಲ.
ಮುಳ್ಳುಜಾಲಿ, ಒಡೆದ ಬಾಟಲಿ, ಯಾರದೂ ಅಲ್ಲದ ನಾಯಿ.
ನಡುನೀರಿಗೆ ಹೋಗಿ ಅವನು ಕೂಗಿದ,
ಇಪ್ಪತ್ತು ವರ್ಷದಲ್ಲಿ ಮೊದಲ ಸಲ,
'ಇವಳೇ' ಅನ್ನದೆ, ಪೂರಾ ಹೆಸರು:
ಹೊನ್ನಾಜಮ್ಮಾ...
ಪಕ್ಕದಲ್ಲೇ ನಿಂತು ಕರೆದಂತೆ ಕೇಳಿತು.
ಸೇತುವೆಯ ಮೇಲೆ ಹಾಸನದ ರೈಲು
ದೀಪ ಹಚ್ಚಿಕೊಂಡು ದಾಟುತ್ತಿತ್ತು.

ಗೂಟ ಇಲ್ಲೇ ಹೊಡಿ, ಅಂದೆ.

ಈಗ ಹಳೇ ಚುನಾವಣೆಯ ಫ್ಲೆಕ್ಸು ಬಿಚ್ಚಿ ತಂದು
ಪಟ ಕಟ್ಟಿದ್ದಾನೆ.
ಕೈಮುಗಿದ ಯಾರೋ ಒಬ್ಬ ಕೆನ್ನೆ ಉಬ್ಬಿಸಿಕೊಂಡು
ದಿನಾ ನಸುಕಿಗೆ ನಮ್ಮ ದಡ ಬಿಡುತ್ತಾನೆ.
ಕೂಗುವುದನ್ನು ಮಾತ್ರ ನಿಲ್ಲಿಸಿಬಿಟ್ಟ ಯಜಮಾನ.
ಕೇಳುತ್ತೆ ಅಂತ ಗೊತ್ತಾಯ್ತಲ್ಲ,
ಇನ್ನೇಕೆ, ಅನ್ನುತ್ತಾನೆ.