ಸೊಂಟಪಟ್ಟಿ

ಕೌಲ್ ಬಜಾರಿನ ಓಣಿಯಲ್ಲಿ, ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ
ಮೂರನೇ ಮಷಿನ್ ನನ್ನದು.
ಬರೀ ಸೊಂಟಪಟ್ಟಿ ಹಚ್ಚುತ್ತೇನೆ.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಊರೂರಿನ ನಡುಗಳು ಸೂಜಿಯ ಕೆಳಗೆ ಹಾದುಹೋಗುತ್ತವೆ.
ನನ್ನ ಅಳತೆಯ ಪಟ್ಟಿಯನ್ನು ಇಲ್ಲಿ ಯಾರೂ ಕತ್ತರಿಸುವುದಿಲ್ಲ.

ಮೊಣಕಾಲು ಕೂಗುತ್ತಿದ್ದವು, ಸಕ್ಕರೆ ಗಡಿಯಲ್ಲಿ ನಿಂತಿತ್ತು.
ಡಾಕ್ಟರಮ್ಮ ಬಿ.ಪಿ. ನೋಡಿದರು, ಎದೆ ಕೇಳಿದರು,
ಎದೆಯ ಗೆರೆಗಳನ್ನು ಕಾಗದದ ಮೇಲೆ ಎಳೆಸಿದರು,
ಆಮೇಲೆ ಬರೆದರು: ಬೆಳಿಗ್ಗೆ ಒಂದು.
‘ಹನ್ನೆರಡು ವಾರ, ಅಷ್ಟೇ. ಎದೆ ಹಾರಿತೋ
ಆವತ್ತೇ ಬಾ ಎರ್ರೆಮ್ಮ, ಅಮಾಸಿ ಹುಣ್ಣಿಮಿ ನೋಡಬೇಡ.’

ಐದನೇ ದಿನ, ಹನ್ನೊಂದು ಗಂಟೆಗೆ
ಮಸ್ತಾನನ ಬಂಡಿಯಿಂದ ಒಗ್ಗರಣಿ ಮಿರ್ಚಿ ಬಂತು.
ಪೇಪರ್ ಬಿಚ್ಚಿದೆ. ಬಾಯಿ ಸುಮ್ಮನಿತ್ತು.
ಮಂಡಕ್ಕಿ ಬರೀ ಗಾಳಿ, ಎಣ್ಣೆ ಬರೀ ಎಣ್ಣೆ.
ಹುಟ್ಟಿದಾಗಿನಿಂದ ಬೆನ್ನಿಗೆ ಬಿದ್ದವಳು
ಹೇಳದೆ ಕೇಳದೆ ಎದ್ದು ಹೋಗಿದ್ದಳು.
ಹಗುರಾಯಿತು. ಸುಳ್ಳು ಯಾಕೆ, ಹಾಡೂ ಬಂತು.

ಸಿರುಗುಪ್ಪದಿಂದ ಅವ್ವ ಫೋನಿನಲ್ಲಿ ನಕ್ಕಳು:
‘ಕೂಲಿ ಇಲ್ಲದ ದಿನ ತವುಡು ಕಲಸಿ
ಹೊಟ್ಟಿ ಸುಮ್ಕ ಮಾಡೀವಿ.
ನೀ ರೊಕ್ಕ ಕೊಟ್ಟು ಸುಮ್ಕ ಮಾಡ್ತಿ.
ಎಲ್ಡೂ ಒಂದ ಹೊಟ್ಟಿ ನೋಡವ್ವ.’

ಏಳು ಕಿಲೋ ಇಳಿದೆ.
ಇಳಿದದ್ದನ್ನು ಓಣಿಯೆಲ್ಲ ನೋಡಿತು.
ನಾಲಗೆ ಅರಳೆಯಾದದ್ದು,
ರಾತ್ರಿ ಮೂರಕ್ಕೆ ಫ್ಯಾನಿನ ಸುತ್ತು ಎಣಿಸಿದ್ದು, ನಾನೊಬ್ಬಳೇ.
ಮಷಿನ್ ಬಂದ್ ಮಾಡಿಯೇ ಬಂದಿದ್ದೆ,
ಆದರೂ ಎಡಪಕ್ಕೆಯೊಳಗೆ ಯಾರೋ
ಬಟ್ಟೆಯಿಲ್ಲದೆ ಹೊಲಿಯುತ್ತಿದ್ದರು,
ಪೆಡಲಿನಿಂದ ಕಾಲು ತೆಗೆಯದೆ.

ಹದಿಮೂರನೇ ವಾರ ಡಾಕ್ಟರಮ್ಮ ಬರೆಯಲಿಲ್ಲ.
ಹಳೇ ಚೀಟಿ ಮಡಿಕೆಯಲ್ಲಿ ಹರಿದಿತ್ತು,
ಸರಿಯಾಗಿ ತಾರೀಖಿನ ಮೇಲೆ.
ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿದ,
ನನ್ನನ್ನು ನೋಡಿದ,
ಶೀಟು ಕೊಟ್ಟ.

ದಾರ ಕತ್ತರಿಸುವ ಹುಸೇನಬಿ, ಹತ್ತೊಂಬತ್ತರ ಹುಡುಗಿ,
ಇಪ್ಪತ್ತೆಂಟರ ಪಟ್ಟಿ ಸುತ್ತಿದರೂ ಸಡಿಲ.
ನಿಶ್ಚಯಕ್ಕೆ ತಿಂಗಳಿತ್ತು. ‘ಅಕ್ಕಾ, ನಂಗೂ ಒಂದು.’
ಎರಡು ಕೊಟ್ಟೆ,
ಹುರಿದ ಶೇಂಗಾ ಕೊಟ್ಟ ಹಾಗೆ.
ಯಾರ ಎದೆ ಎಷ್ಟು ತಡೆಯುತ್ತದೆಂದು
ಯಾವ ಪಟ್ಟಿಯ ಮೇಲೂ ಬರೆದಿರುವುದಿಲ್ಲ.

ಸೋಮವಾರ ಮಧ್ಯಾಹ್ನ, ವಾಷಿಂಗಿಗೆ ಹೊರಟ ಪ್ಯಾಂಟುಗಳ ಗುಡ್ಡೆಯ ಮೇಲೆ
ಕುಸಿದಳು, ಬೆರಳಲ್ಲಿ ಕತ್ತರಿ ಹಾಗೇ.
ಮಣಿಕಟ್ಟು ಹಿಡಿದೆ.
ನನಗೆ ಗೊತ್ತಿದ್ದ ಓಟ.

ಆಟೋದಲ್ಲೇ ಕಣ್ಣು ಬಿಟ್ಟಳು, ಬದುಕಿದಳು.
ಉಪವಾಸ ಮಾಡಿದ್ದಳು ಅಂದರು ಎಲ್ಲ.
ನಾನೂ ಅಂದೆ.

ಮರುದಿನ ಡಾಕ್ಟರಮ್ಮನ ಮೇಜಿನ ಮೇಲೆ ಶೀಟು ಇಟ್ಟೆ.
ಬಿ.ಪಿ. ಪಟ್ಟಿ ತೋಳು ಹಿಂಡಿತು. ನಾಳೆಯಿಂದ ಬಂದ್, ಅಂದರು,
ನಡಿಗೆ ಹೇಳಿದರು, ತಟ್ಟೆ ಸಣ್ಣದು ಮಾಡು ಅಂದರು.
ಆಮೇಲೆ ಖಾಲಿ ಗುಳಿಗಳನ್ನು ಬೆರಳಿನಿಂದ ಎಣಿಸಿ,
‘ಲೆಕ್ಕಕ್ಕೆ ಎರಡು ಹೆಚ್ಚು ಹೋಗಿವೆಯಲ್ಲ?’
ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಿದ್ದೆ,
ಕೆಂಪು, ನೀಲಿ, ಯಾರದೂ ಅಲ್ಲದ್ದು.

ಈಗ ಹಸಿವು ವಾಪಸು ಬಂದಿದೆ,
ಚಪ್ಪಲಿ ಬಿಡದೆ ಅಡುಗೆಮನೆಗೇ.
ಹಂಚು ಕಾದಿದೆ. ಎರಡು ರೊಟ್ಟಿ ಅಂತ ಲೆಕ್ಕ.
ಮೂರನೆಯದರ ಹಿಟ್ಟು ಅಂಗೈಯಲ್ಲಿದೆ,
ಬಡಿಯಲೋ, ಡಬ್ಬಿಗೆ ಹಾಕಲೋ.
ಬಾಗಿಲಲ್ಲಿ ಹುಸೇನಬಿ:
‘ಅಕ್ಕಾ, ಊಟ ಆತ?’
ತಲೆ ಎತ್ತದೆ
ಬಡಿಯತೊಡಗುತ್ತೇನೆ.