ಮುರಿದ ಕೈ

ಚಿಂತಾಮಣಿಯ ಬಸ್‌ಸ್ಟ್ಯಾಂಡ್ ಪಕ್ಕ
ಸಿಮೆಂಟಿನ ಹೆಂಗಸು, ತಲೆಯ ಮೇಲೆ ಕೊಡ,
ನಗರಸಭೆ ಬಳಿದ ನೀಲಿ ಸೀರೆ.
ಲಾರಿ ತಾಗಿ ಹೋದ ಎಡಗೈಯಿಂದ
ಗೇಣುದ್ದ ಕಂಬಿ ಇಣುಕುತ್ತದೆ.

ಮೂರು ಭಾನುವಾರ ಬರೆದೆ ಅವಳನ್ನು
ಡ್ರಾಯಿಂಗ್ ಮೇಷ್ಟ್ರ ಗತ್ತಿನಲ್ಲಿ:
ಮೂಗು, ಸೆರಗು, ಸೊಂಟದ ಬಳುಕು,
ಇಲ್ಲದ ಕೈಯನ್ನೂ ಸೇರಿಸಿ.
ಮೂರನ್ನೂ ಹರಿದು ಹಾಕಿದೆ.

ಇವತ್ತು ಟೀ ಅಂಗಡಿ ಗಂಗುಲಪ್ಪ
ಸೋಸುವ ಬಟ್ಟೆ ಹಿಂಡಿ, ಕೊಡವಿ,
ಆ ಕಂಬಿಗೆ ಒಣಹಾಕಿದ.
"ಏನ್ ಸಾ, ಹಂಗ್ ನೋಡ್ತೀರ?
ದಿನಾ ಹಾಕೋದೇ ಅಲ್ವಾ."

ತೊಟ್ಟು ತೊಟ್ಟಾಗಿ ಚಹಾದ ಬಣ್ಣ
ಅವಳ ಕಾಲ್ಬೆರಳ ಮೇಲೆ.
ಸಂದಿಯಲ್ಲಿ ಇರುವೆ ಸಾಲು.

ಹಾಳೆ ಇರಲಿಲ್ಲ.
ಕೈವಾರದ ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದೆ,
ಬಟ್ಟೆಯನ್ನಷ್ಟೇ.

ಕೈ ತಾನಾಗಿ ಬಂತು.