ಪಿಳ್ಳಮ್ಮನ ಡ್ರಮ್ಮು

ಮಾಗಡಿ ರಸ್ತೆಯ ತಳ್ಳುಗಾಡಿಯವನು
ಮೊದಲ ದಿನ ನಕ್ಕ:
"ಹಣ್ಣು ಬೇಡ್ವಾ? ಬರೀ ಬೀಜನಾ?"
ಮಾರನೇ ದಿನ ತಾನೇ ಗಾಡಿಗೊಂದು ಡಬ್ಬ ಕಟ್ಟಿದ,
ತಿಂದವರೆಲ್ಲ ಅದಕ್ಕೇ ಉಗುಳಲಿ ಎಂದು.
ಆಯುಧಪೂಜೆಯ ಹೊತ್ತಿಗೆ
ನನ್ನ ಬಳಿ ನಾಲ್ಕು ಕಿಲೋ ಸೀತಾಫಲದ ಬೀಜ,
ಯಾರ್ಯಾರದೋ ಬಾಯಿಯ ಸಿಹಿ ಹತ್ತಿದ್ದು.

ತೊಳೆದೆ, ಒಣಗಿಸಿದೆ, ಕುಟ್ಟಿದೆ.
ಹೇನಿಗೆಂದು ಇದೇ ಪುಡಿ ಹಚ್ಚುವಾಗ ಅಜ್ಜಿ ಅನ್ನುತ್ತಿದ್ದಳು:
"ಕಣ್ಣು ಮುಚ್ಕೋ, ಗಟ್ಟಿಯಾಗಿ.
ನಾನು ಹೇಳೋ ತನಕ ತೆಗೀಬೇಡ."
ಈಗ ಕನ್ನಡಕವಿದೆ, ಕೈಗವಸಿದೆ.
ಮೂರು ದಿನ ಮದ್ಯಸಾರದಲ್ಲಿ ನೆನೆಹಾಕಿ,
ಸೋಸಿ, ಆರಿಸಿದರೆ
ಉಳಿದದ್ದು ಸುಟ್ಟ ಬೆಲ್ಲದ ಬಣ್ಣದ ಅಂಟು,
ಬೆರಳುದ್ದದ ಶೀಷೆಯಷ್ಟು.

ಹುಳು ತಂದದ್ದು ಲಗ್ಗೆರೆಯಿಂದ,
ಪಿಳ್ಳಮ್ಮನ ನೀಲಿ ಡ್ರಮ್ಮಿನಿಂದ.
"ತಗೊಂಡೋಗವ್ವ, ಎಲ್ಲಾನೂ ತಗೊಂಡೋಗು,
ನೀರು ಮಾತ್ರ ಬಿಟ್ಟೋಗು."
ಸೌಟಿನಲ್ಲಿ ಎತ್ತಿದೆ ಅಲ್ಪವಿರಾಮಗಳನ್ನು:
ತಲೆ ಕೆಳಗೆ, ಬಾಲ ಮೇಲೆ,
ನೀರಿನ ಚರ್ಮಕ್ಕೆ ಬಾಲ ತಾಗಿಸಿ
ಉಸಿರೆಳೆಯುತ್ತ ತೂಗುವವು.
ನನ್ನ ನೆರಳು ಬಿದ್ದದ್ದೇ ತಡ
ಇಡೀ ವಾಕ್ಯ ಕುಣಿಯುತ್ತ ತಳಕ್ಕಿಳಿಯಿತು.

ಲೋಟಕ್ಕೆ ಇಪ್ಪತ್ತೈದರಂತೆ ಎಣಿಸಿ ಬಿಟ್ಟೆ,
ಅಂಟನ್ನು ಅಳತೆಯಂತೆ ಕದಡಿ ಹಾಕಿದೆ.
ಆ ರಾತ್ರಿ ಹಾಸ್ಟೆಲಿನಲ್ಲಿ
ಅವುಗಳ ದೂರದ ನೆಂಟರು
ಬೆಳಗಾಗುವ ತನಕ ಕಿವಿಯಲ್ಲಿ ನ್ಯಾಯ ಕೇಳಿದರು.

ಇಪ್ಪತ್ತನಾಲ್ಕನೇ ಗಂಟೆ.
ಸೂಜಿಯಿಂದ ಮುಟ್ಟಿ ನೋಡಬೇಕು.
ಅಲುಗದಿದ್ದರೆ ಸತ್ತದ್ದು.
ಅಲುಗಿಯೂ ಮೇಲೆ ಬರಲಾಗದಿದ್ದರೆ
ಅದನ್ನೂ ಸತ್ತದ್ದೆಂದೇ ಬರೆಯಬೇಕು.
ಈ ನಿಯಮ ಓದಿದ ದಿನ ಊಟ ಸೇರಿರಲಿಲ್ಲ.
ಈಗ ಬರೆದೆ: ಇಪ್ಪತ್ತೈದಕ್ಕೆ ಇಪ್ಪತ್ತಮೂರು.
ಬರೀ ನೀರಿನ ಲೋಟದಲ್ಲಿ, ಕಂಟ್ರೋಲಿನಲ್ಲಿ,
ಒಂದೂ ಸತ್ತಿಲ್ಲ.
ಲೆಕ್ಕ ಮುಗಿದ ಮೇಲೆ
ಅದಕ್ಕೆ ಕುದಿನೀರು.

ಶೀಷೆ ಹಿಡಿದು ಲಗ್ಗೆರೆಗೆ ಹೋದೆ, ಹೆಮ್ಮೆಯಿಂದ.
ಎದುರುಮನೆಯ ಹುಡುಗ ಆಸ್ಪತ್ರೆಯಲ್ಲಿದ್ದ.
ಪ್ಲೇಟ್ಲೆಟ್ಟು ಇಪ್ಪತ್ತೆರಡು ಸಾವಿರ:
ಬೀದಿಗೆ ಬೀದಿಯೇ ಆ ಸಂಖ್ಯೆ ಬಾಯಿಪಾಠ ಮಾಡಿತ್ತು.
ಪಿಳ್ಳಮ್ಮ ಮುಚ್ಚಳ ತೆಗೆದು ಮೂಸಿದಳು.
"ಇದು ಬಿದ್ದ ನೀರಲ್ಲಿ ಅನ್ನಕ್ಕಿಡ್ಬೋದಾ?"
ಇಲ್ಲ.
"ಮಗೀನ ಮುಖ ತೊಳೀಬೋದಾ?"
ಕಣ್ಣು ಮುಚ್ಕೋ, ಗಟ್ಟಿಯಾಗಿ.
ಬೇಡ, ಅಂದೆ.
"ಮತ್ತಿನ್ಯಾಕವ್ವಾ?"

ಕಾವೇರಿ ಬರುವುದು ಮೂರು ದಿನಕ್ಕೊಮ್ಮೆ,
ರಾತ್ರಿ ಎರಡಕ್ಕೆ, ಅದೂ ಬಂದರೆ.
ಚೆಲ್ಲಿಬಿಡಿ ಎನ್ನಲು ನಾಲಿಗೆ ಏಳಲಿಲ್ಲ.

ಒಳಗೆ ಹೋದವಳು ಹಳೇ ವಾಯಿಲ್ ಸೀರೆ ತಂದಳು.
ಇದ್ದ ನೀರನ್ನು ಅದರಲ್ಲೇ ಸೋಸಿದಳು,
ಜಾಡಿಸಿ, ನಾಲ್ಕು ಮಡಿಕೆ ಮಾಡಿ,
ಡ್ರಮ್ಮಿನ ಬಾಯಿಗೆ ಎಳೆದು
ಸೈಕಲ್ ಟ್ಯೂಬಿನಿಂದ ಬಿಗಿದಳು.
"ಪಂಕ್ಚರ್ ಅಂಗಡಿ ಹಿಂದೆ ಟೈರ್ ಗುಡ್ಡೆ ಐತೆ.
ಆ ನೀರು ಯಾರ ಮನೇದೂ ಅಲ್ಲ.
ನಿನ್ನ ಕಷಾಯ ಅಲ್ಲಿ ಹುಯ್ಯೋಗು."

ಹುಯ್ದೆ. ಮಾರನೇ ದಿನ ಟಾರ್ಚ್ ಬಿಟ್ಟು ನೋಡಿದೆ:
ಟೈರಿನಲ್ಲಿ ಹತ್ತೊಂಬತ್ತು ಮಲಗಿದ್ದವು,
ಎರಡು ಇನ್ನೂ ಹಟ ಹಿಡಿದು ತೂಗುತ್ತಿದ್ದವು.
ಮುಂದಿನ ವಾರವೂ
ಡ್ರಮ್ಮಿನಲ್ಲಿ ಪಿಳ್ಳಮ್ಮನ ಮುಖ ಬಿಟ್ಟು ಏನೂ ಇರಲಿಲ್ಲ.

ನನ್ನ ಪುಸ್ತಕದಲ್ಲಿ ಸೀರೆಗೆ ಕಾಲಮ್ಮಿಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಪೆನ್ಸಿಲಿನಲ್ಲಿ:
ವಾಯಿಲ್, ನೇರಳೆ ಹೂವು,
ನಾಲ್ಕು ಮಡಿಕೆ,
ಒಂದು ಕಡೆ ಹೊಲಿಗೆ ಬಿಟ್ಟಿದೆ.